ಸಂಚಿ ಮುಚ್ಚಿಟ್ಟರ ಎಲುಬು ಹ್ಯಾಂಗ ಕೂಡ್ತದ?

ಮೊನ್ನಿ ಸೊನ್ನಕ್ಕ ಹೋಗಿದ್ದೆ. ಚಿಗವ್ವನ ಮೊಳಕಾಲ ಆಪರೇಷನ್ ಆಗಿ ಏಳು ತಿಂಗಳಾಯ್ತು, ಇನ್ನೂ ಕೋಲು ಬಿಟ್ಟಿಲ್ಲ. ಎಕ್ಸರೇದಾಗ ಎಲುಬು ಪೂರಾ ಕೂಡಿಲ್ಲ ಅಂತ. ಮಾತಾಡ್ಸಲಾಕ ಬಂದವರು ಒಬ್ಬೊಬ್ಬರು ಒಂದೊಂದು ಅಂದ್ರು. ಒಬ್ಬಾಕಿ ಡಾಕ್ಟರಿಗಿ ಬೈದಳು. ಇನ್ನೊಬ್ಬಾಕಿ ಒಳಗ ಹಾಕಿದ ಪಟ್ಟಿನೇ ಖರಾಬ್ ಅದ ಅಂದಳು. ಮತ್ತೊಬ್ಬಾಕಿ ಸೊಸಿ ಕಡಿ ನೋಡಿ, "ಬಿಸಿ ಬಿಸಿ ಮಾಡಿ ಹಾಕವರು ಇದ್ದಿದ್ರ ಹಿಂಗ ಆಗ್ತಿತ್ತಾ?" ಅಂದಳು. ಪಾಪ, ಆ ಹುಡುಗಿ ತೆಲಿ ಬಗ್ಗಿಸಿಕೊಂಡು ಒಳಗ ಹೋದಳು. ಚಿಗವ್ವನ ತೆಲಿದಿಂಬಿನ ಕೆಳಗ ಎಲಿ-ಅಡಕಿ ಸಂಚಿ ಇತ್ತು, ಅದರಾಗ ತಂಬಾಕನೂ ಇತ್ತು. ಅದರ ಮಾತು ಯಾರೂ ತೆಗೀಲಿಲ್ಲ.

ಅದಕ್ಕ ಬರೀಲಾಕತ್ತೀನಿ. ಸಿಟ್ಟು ಬಂದ್ರೂ ಪೂರಾ ಓದ್ರಿ.

ಚಿಗವ್ವಂದು ಮೊಳಕಾಲ ಬದಲಿ ಮಾಡೋ ಆಪರೇಷನ್ ಅಲ್ಲ. ಕಾಲು ಬಿಲ್ಲಿನಂಗ ಬಾಗಿ, ಮೈ ಭಾರ ಎಲ್ಲಾ ಮೊಳಕಾಲಿನ ಒಳಮಗ್ಗಲಕ್ಕ ಬಿದ್ದು ಅಲ್ಲೇ ಸವದಿತ್ತು. ಮೊಳಕಾಲಿನ ಕೆಳಗ ಎಲುಬು ಕೊಯ್ದು, ಒಳಮಗ್ಗಲ ಬಾಯಿ ತೆಗೆದು, ಕಾಲು ನೆಟ್ಟಗ ಮಾಡಿ ಪಟ್ಟಿ, ಸ್ಕ್ರೂ ಹಾಕ್ಯಾರ. ಪಟ್ಟಿ ಹಿಡಿದು ನಿಲ್ಲಸ್ತದ ಅಷ್ಟೇ. ಆ ಸಂದು ತುಂಬೋದು ನಮ್ಮ ಮೈಯಾಗಿನ ರಕ್ತದಿಂದ ಹುಟ್ಟೋ ಹೊಸ ಎಲುಬು. ನಿಕೋಟಿನ್ ಸಣ್ಣ ಸಣ್ಣ ರಕ್ತನಾಳ ಬಿಗಿ ಮಾಡ್ತದ. ರಕ್ತ ಕಮ್ಮಿ ಹೋದ್ರ ಎಲುಬು ಎಲ್ಲಿಂದ ಬೆಳೀಬೇಕು?

ಡಾಕ್ಟರ್ ಮಂದಿ ಹೆಚ್ಚು ನೋಡಿದ್ದು ಬೀಡಿ ಸಿಗರೇಟು ಸೇದವರಿಗಿ, ಖರೆ. ಅದಕ್ಕೇ ದವಾಖಾನ್ಯಾಗ "ಸೇದ್ತೀರೇನು?" ಅಂತ ಕೇಳ್ತಾರ. ಚಿಗವ್ವಗೂ ಹಂಗೇ ಕೇಳಿದ್ರು. "ಛೀ, ಇಲ್ರೀ" ಅಂದಳು. ಸುಳ್ಳು ಹೇಳಲಿಲ್ಲ ಆಕಿ. ಖರೆ ತಂಬಾಕದಾಗೂ ಅದೇ ನಿಕೋಟಿನ್ ಅದ. 2016-17ರಾಗ ಸರ್ಕಾರ ಮಾಡಿದ ದೇಶದ ಸಮೀಕ್ಷಾದಾಗ ಸೇದೋ ಹೆಣ್ಮಕ್ಕಳು ನೂರಕ್ಕ ಇಬ್ಬರು. ತಂಬಾಕ ತಿನ್ನವರು, ಹಲ್ಲಿಗಿ ತಿಕ್ಕವರು ಹತ್ತಿರ ಹತ್ತಿರ ಹದಿಮೂರು ಮಂದಿ. ಅಂದ್ರ ಆ ಒಂದು ಪ್ರಶ್ನಾ ಗಂಡಸರ ಸಲುವಾಗಿ ಮಾಡಿದ್ದು. ನಮಗ ಬ್ಯಾರೆ ಕೇಳಬೇಕು: "ತಂಬಾಕ ತಿಂತೀರೇನವ್ವ? ಹಲ್ಲಿಗಿ ತಿಕ್ತೀರೇನು?" ಅವರು ಕೇಳದಿದ್ರ ನಾವೇ ಹೇಳಬೇಕು. ಮುಚ್ಚಿಡೋದು ಮರ್ಯಾದಿ ಅಲ್ಲ.

"ನಮ್ಮಜ್ಜಿ ದಿನಾ ತಂಬಾಕ ತಿಂದ್ರೂ ಕೈ ಮುರಿದದ್ದು ಕೂಡಿತ್ತು" ಅಂತೀರಿ. ಕೂಡಿರಬಹುದು. ಹೊಲದಾಗ ಬೇಲಿ ಇಲ್ಲಂದ್ರ ದಿನಾ ದನ ಬರ್ತಾವೇನು? ಹಂಗಂತ ಬೇಲಿ ಬ್ಯಾಡ ಅಂತೀವೇನು?

ತಂಬಾಕ ಒಂದೇ ಅಲ್ಲ. ಸಕ್ಕರಿ ಬ್ಯಾನಿ ಹತೋಟ್ಯಾಗ ಇಲ್ಲಂದ್ರ, ಮೈ ಭಾರ ಬಾಳ ಇದ್ರ, ವಿಟಮಿನ್ ಡಿ ಕಮ್ಮಿ ಇದ್ರ ಎಲುಬು ಕೂಡೋದು ತಡ ಆಗ್ತದ. ಸಂದು ದೊಡ್ಡದಿದ್ರ, ಕೊಯ್ಯದೆ ಉಳಿಸಿದ ಹೊರಮಗ್ಗಲ ಎಲುಬು ಸೀಳಿದ್ರನೂ ತಡ ಆಗ್ತದ. ಇವೆರಡು ಡಾಕ್ಟರ್ ಕೈಯಾಗಿನ ಮಾತು, ಅದನ್ನ ಅವರಿಗಿ ಧೈರ್ಯದಿಂದ ಕೇಳ್ರಿ. ಮೂರು ತಿಂಗಳ ಸಕ್ಕರಿ ತೋರ್ಸೋ ರಕ್ತ ಪರೀಕ್ಷಾ ಆಪರೇಷನ್ನಿಗಿ ಮೊದಲೇ ಮಾಡಿಸ್ರಿ. ಬ್ಯಾನಿ ಗುಳಗಿ ಅಂಗಡ್ಯಾಗ ನಾವೇ ಕೇಳಿ ತಂದು ನುಂಗೋದು ಬ್ಯಾಡ.

ಇನ್ನ ಪಥ್ಯ. ಬ್ಯಾಳಿ ನಂಜು, ತತ್ತಿ ನಂಜು, ಹಾಲು ಕುಡಿದ್ರ ಕೀವು ಅಂತ ಬರೇ ಗಂಜಿ ಕುಡಿಸ್ತೀರಿ. ನಮ್ಮ ಕಲಬುರಗಿ ತೊಗರಿಬ್ಯಾಳಿಗಿ 2019ರಾಗ ಜಿಐ ಟ್ಯಾಗ್ ಸಿಕ್ಕದ, ಊರೂರಿಗಿ ಹೋಗ್ತದ. ಎಲುಬು ಕಟ್ಟಬೇಕಾದ ನಮ್ಮ ಮನಿ ಹೆಣ್ಮಗಳಿಗೇ ಆ ಬ್ಯಾಳಿ ಬ್ಯಾಡಂದ್ರ ಹ್ಯಾಂಗ?

ತಂಬಾಕ ಬಿಡೋದು ಸುಲಭ ಅಲ್ಲ, ಗೊತ್ತದ ನನಗ. ಬಿಸಲಾಗ ಕಸ ತೆಗೆಯೋ ಹೆಣ್ಮಗಳಿಗಿ ಅದೇ ಚಹಾ, ಅದೇ ಸುಖ. ಖರೆ ಆಪರೇಷನ್ನಿಗಿ ಕೆಲವು ವಾರ ಮೊದಲಿಂದ ಎಲುಬು ಕೂಡೋ ತನಕ ಆದ್ರೂ ಬಿಡ್ರಿ. ಬಿಡಲಾಕ ಸಹಾಯ ಬೇಕಂದ್ರ 1800-112-356ಕ್ಕ ಫೋನ್ ಮಾಡ್ರಿ, ರೊಕ್ಕ ಬೀಳಂಗಿಲ್ಲ.

ಮುಂದಿನ ಸಲ ಚಿಗವ್ವನ ಜೋಡಿ ದವಾಖಾನಿಗಿ ನಾನೂ ಹೊಂಟೀನಿ. ಸಂಚಿ ನನ್ನ ಕೈಯಾಗ ಕೊಟ್ಟಾಳ, "ನೀನೇ ಹೇಳು, ನನಗ ನಾಚಿಕಿ" ಅಂದಾಳ. ಹೇಳ್ತೀನಿ. ನಿಮ್ಮ ಮನ್ಯಾಗೂ ಯಾರದಾದ್ರೂ ಎಲುಬು ಕೂಡಲಿಲ್ಲಂದ್ರ, ಸೊಸಿಗಿ ಬೈಯೋಕಿಂತ ಮೊದಲ ತೆಲಿದಿಂಬು ಎತ್ತಿ ನೋಡ್ರಿ.