ಮುದ್ರೆ ಕಾಯಬಹುದು, ಮಗು ಕಾಯದು

ಮಹಾರಾಷ್ಟ್ರದ ಜತ್ತದ ಕನ್ನಡ ಶಾಲೆಯಲ್ಲಿ ಓದಿ, ಕುಪವಾಡದಲ್ಲಿ ಮನೆ ಮಾಡಿ, ಈಗ ಪರದೇಶದಲ್ಲಿರುವ ದಂಪತಿ ದತ್ತು ಅರ್ಜಿಗೆ ಕೈಹಾಕಿದರೆ ಮೊದಲು ಎದುರಾಗುವುದು ಕಾಗುಣಿತ. ಶಾಲಾ ದಾಖಲೆ ಕನ್ನಡದಲ್ಲಿ, ಮದುವೆ ಪತ್ರ ಮರಾಠಿಯಲ್ಲಿ, ಪಾಸ್‌ಪೋರ್ಟ್ ಇಂಗ್ಲಿಷಿನಲ್ಲಿ. ಒಂದರಲ್ಲಿ ‘ಪಾಟೀಲ’, ಇನ್ನೊಂದರಲ್ಲಿ ‘ಪಾಟಿಲ್’. ಇದರ ಮೇಲೆ ಅವರಿರುವ ದೇಶದ ಅಧಿಕೃತ ಸಂಸ್ಥೆಯ ಗೃಹ ಅಧ್ಯಯನ ವರದಿ, ಇಲ್ಲಿನ ಕೇಂದ್ರೀಯ ದತ್ತು ಪ್ರಾಧಿಕಾರ ‘ಕಾರಾ’ದ ನಿರಾಕ್ಷೇಪಣಾ ಪತ್ರ, ಮಗು ಮನೆ ಸೇರಿದ ಮೇಲೂ ಎರಡು ವರ್ಷ ನಿಗಾ. ಈ ತಪಾಸಣೆಗಳು ಬೇಕೇ ಬೇಕು: ಮಕ್ಕಳ ಮಾರಾಟ ತಡೆಯಲೆಂದೇ ಅಂತರದೇಶೀಯ ದತ್ತು ಕುರಿತ 1993ರ ಹೇಗ್ ಒಪ್ಪಂದ ಹುಟ್ಟಿತು, ಭಾರತ ಅದನ್ನು 2003ರಲ್ಲಿ ಅನುಮೋದಿಸಿತು. ಆದರೆ ತಪಾಸಣೆ ಬೇರೆ, ಅಲೆದಾಟ ಬೇರೆ. ಹೆಸರಿನ ತಿದ್ದುಪಡಿ, ಅನುವಾದ, ದೃಢೀಕರಣ ಜಿಲ್ಲಾ ಕಚೇರಿಯ ಒಂದೇ ಕಿಟಕಿಯಲ್ಲಿ ಆಗಲಿ. ಕಡತ ಮೇಜಿನ ಮೇಲೆ ಮಲಗಿದ್ದಷ್ಟು ದಿನವೂ ಕೂಸು ಬೆಳೆಯುತ್ತಲೇ ಇರುತ್ತದೆ.