ಪಿಯು ಮಾತು, ಭಾಗ 6: ಸೂತ್ರ ಮೊದಲು, ಕಾರಣ ಆಮೇಲಾ?

1/5
ಫಸ್ಟ್ ಪಿಯು ಫಿಸಿಕ್ಸ್ ಪುಸ್ತಕ ತೆಗೀರಿ. ಎರಡನೇ ಅಧ್ಯಾಯವೇ ಸರಳರೇಖೆಯಲ್ಲಿ ಚಲನೆ. ವೇಗ ಅಂದ್ರೆ ಸ್ಥಾನದ ಡೆರಿವೇಟಿವ್ ಅಂತ ಅಲ್ಲೇ ಬರುತ್ತೆ. ಈಗ ಮ್ಯಾಥ್ಸ್ ಪುಸ್ತಕ ತೆಗೀರಿ. ಡೆರಿವೇಟಿವ್ ಅಂದ್ರೇನು ಅಂತ ಹೇಳೋದು 12ನೇ ಅಧ್ಯಾಯದಲ್ಲಿ. ಇರೋದೇ 14! ಇಂಟಿಗ್ರೇಷನ್ ಅಂತೂ ಸೆಕೆಂಡ್ ಪಿಯುಗೆ. ಅಲ್ಲೀತನಕ ನಾವು ಏನ್ ಮಾಡ್ಬೇಕು? ಉರು ಹೊಡೀಬೇಕು. ಆಮೇಲೆ "ಈಗಿನ ಮಕ್ಕಳಿಗೆ ಕಾನ್ಸೆಪ್ಟೇ ಇಲ್ಲ" ಅಂತ ಬೈಗುಳ ಬೇರೆ.

2/5
ಉರು ಹೊಡೆದ್ರೆ ಏನಾಗುತ್ತೆ ನೋಡಿ. ನಿಂತಿದ್ದ ಗಾಡಿ ಹೊರಡುತ್ತೆ. ಅದರ ವೇಗೋತ್ಕರ್ಷ ಸೊನ್ನೆಯಿಂದ ಶುರುವಾಗಿ ಪ್ರತಿ ಸೆಕೆಂಡಿಗೆ 6ರಂತೆ ಏರ್ತಾ ಹೋಗುತ್ತೆ. 2 ಸೆಕೆಂಡಲ್ಲಿ ಎಷ್ಟು ದೂರ? ಬಾಯಿಪಾಠದವರು "ಯುಟಿ ಪ್ಲಸ್ ಹಾಫ್ ಎಟಿ ಸ್ಕ್ವೇರ್"ಗೆ 12 ತುಂಬಿಸಿ 24 ಮೀಟರ್ ಅಂತಾರೆ. ಇಂಟಿಗ್ರೇಟ್ ಮಾಡಿ: ವೇಗ 3 ಟಿ ಸ್ಕ್ವೇರ್, ದೂರ ಟಿ ಕ್ಯೂಬ್. ಉತ್ತರ 8 ಮೀಟರ್! ವೇಗೋತ್ಕರ್ಷ ಬದಲಾಗದೇ ಇದ್ರೆ ಮಾತ್ರ ಆ ಸೂತ್ರ ನಡೆಯುತ್ತೆ. ಅದು ಹುಟ್ಟಿದ್ದು ಹೇಗೆ ಅಂತ ನೋಡಿದವರು ಇಲ್ಲಿ ಎಡವಲ್ಲ.

3/5
ಇನ್ನು ಸ್ಟಾಟಿಸ್ಟಿಕ್ಸ್. 13ನೇ ಅಧ್ಯಾಯ, ಪೋರ್ಷನ್ ಮುಗಿಸೋ ಗಡಿಬಿಡಿಗೆ ಸಿಕ್ಕಿಬಿದ್ದ ಪಾಪದ ಪ್ರಾಣಿ. 58, 60, 62ರ ಸರಾಸರಿ 60. 20, 60, 100ರದ್ದೂ 60. ಎರಡೂ ಒಂದೇನಾ? ಅಲ್ಲ ಅಂತ ಹೇಳೋಕೇ ಸ್ಟಾಂಡರ್ಡ್ ಡೀವಿಯೇಷನ್ ಇರೋದು. ಕೋಚಿಂಗ್ ಸೆಂಟರ್ ಫ್ಲೆಕ್ಸಲ್ಲಿ ರ‍್ಯಾಂಕ್ ಬಂದ ಹತ್ತು ಮುಖ ಕಾಣುತ್ತೆ, ಫೀಸ್ ಕಟ್ಟಿದವರು ಎಷ್ಟು ಜನ ಅಂತ ಕಾಣಲ್ಲ. ಛೇದ ಕೇಳದೆ ಅಂಶ ನಂಬಬೇಡಿ ಅಂತ ಕಲಿಸೋ ಪಾಠವನ್ನೇ ನಾವು ಓಡಿಸಿ ಮುಗಿಸ್ತೀವಿ!

4/5
"ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಕಾರಣ ಹುಡುಕ್ತಾ ಕೂರೋಕೆ ಟೈಮೆಲ್ಲಿ?" ಅಂತೀರಿ. ಸರಿ, ಒಂದಕ್ಕೆ 80 ಸೆಕೆಂಡು. ಆದರೆ ಕಾರಣ ಹುಡುಕೋದು ಪರೀಕ್ಷೆ ಹಾಲಲ್ಲಿ ಅಲ್ಲ, ವರ್ಷವಿಡೀ ಕ್ಲಾಸಲ್ಲಿ. ಜೊತೆಗೆ ಎಂಜಿನಿಯರಿಂಗ್ ರ‍್ಯಾಂಕಲ್ಲಿ ಅರ್ಧ ತೂಕ ಸೆಕೆಂಡ್ ಪಿಯು ಅಂಕದ್ದು, ಅಲ್ಲಿ ಹೆಜ್ಜೆ ಹೆಜ್ಜೆಗೂ ಮಾರ್ಕ್ಸ್ ಇದೆ. 30 ಸೆಕೆಂಡಿನ ಟ್ರಿಕ್ ರೀಲ್ಸ್ ಹೆಜ್ಜೆ ಕಲಿಸಲ್ಲ.

5/5
ಇಂಗ್ಲೆಂಡಿನಲ್ಲಿ 2017ರಿಂದ ಶುರುವಾದ ಎ-ಲೆವೆಲ್ ಮ್ಯಾಥ್ಸಲ್ಲಿ ಶುದ್ಧ ಗಣಿತ, ಸ್ಟಾಟಿಸ್ಟಿಕ್ಸ್, ಮೆಕ್ಯಾನಿಕ್ಸ್ ಮೂರೂ ಎಲ್ಲರಿಗೂ ಕಡ್ಡಾಯ, ಒಂದೇ ವಿಷಯದೊಳಗೆ. ನಾವು ಅವರ ಪುಸ್ತಕ ತರಬೇಕಿಲ್ಲ. ಲಿಮಿಟ್ಸ್, ಡೆರಿವೇಟಿವ್ಸ್ ಪಾಠವನ್ನ ವರ್ಷದ ಮೊದಲಿಗೆ ತಂದ್ರೆ ಸಾಕು. ಇದಕ್ಕೆ ಹೊಸ ಕಟ್ಟಡ ಬೇಡ, ದುಡ್ಡು ಬೇಡ. ಮ್ಯಾಥ್ಸ್ ಸರ್, ಫಿಸಿಕ್ಸ್ ಮೇಡಂ ಒಂದರ್ಧ ಗಂಟೆ ಜೊತೆಗೆ ಕೂತು ಮಾತಾಡಬೇಕು ಅಷ್ಟೇ.

ನಾಳೆ ಬೋರ್ಡ್ ಮೇಲೆ ಸೂತ್ರ ಬಿದ್ದ ತಕ್ಷಣ ಕೈ ಎತ್ತಿ: "ಸರ್, ಇದು ಎಲ್ಲಿಂದ ಬಂತು?" ಒಬ್ಬರು ಕೇಳಿದ್ರೆ ಅಧಿಕಪ್ರಸಂಗಿ ಅಂತಾರೆ. ಇಡೀ ಬೆಂಚು ಕೇಳಿದ್ರೆ ಉತ್ತರ ಕೊಡ್ತಾರೆ. ನಿಮ್ಮ ಬೆಂಚ್‌ಮೇಟ್‌ನ ಟ್ಯಾಗ್ ಮಾಡಿ 👇

#ಪಿಯುಮಾತು #ಎಲ್ಲಿಂದಬಂತು #ಉರುಹೊಡೆಯಬೇಡಿ