ಪೀಟರ್ ಗ್ರೀನ್‌ನ ಫ್ಲೀಟ್‌ವುಡ್ ಮ್ಯಾಕ್: ಪರಂಪರೆ ಯಾರ ಕೈಯಲ್ಲಿ?

ಫ್ಲೀಟ್‌ವುಡ್ ಮ್ಯಾಕ್ ಎಂದ ಕೂಡಲೇ ಇಂದಿನ ಬಹುಪಾಲು ಕೇಳುಗರಿಗೆ ನೆನಪಾಗುವುದು 1977ರ ‘ರೂಮರ್ಸ್’ ಆಲ್ಬಮ್. ನಾಲ್ಕು ಕೋಟಿಗೂ ಹೆಚ್ಚು ಪ್ರತಿಗಳು ಖರ್ಚಾದ, ಕ್ಯಾಲಿಫೋರ್ನಿಯಾದಲ್ಲಿ ರೂಪುಗೊಂಡ ಪಾಪ್ ಸಂಗೀತ ಅದು. ಅದಕ್ಕೆ ಹತ್ತು ವರ್ಷ ಮೊದಲು ಇದೇ ಹೆಸರಿನಲ್ಲಿ ಲಂಡನ್ನಿನಲ್ಲಿ ಹುಟ್ಟಿದ್ದು ಒಂದು ಬ್ಲೂಸ್ ಬ್ಯಾಂಡ್. ಡ್ರಮ್ಸ್ ನುಡಿಸುವ ಮಿಕ್ ಫ್ಲೀಟ್‌ವುಡ್ ಮತ್ತು ಬಾಸ್ ಗಿಟಾರಿನ ಜಾನ್ ಮ್ಯಾಕ್‌ವೀ, ಇವರಿಬ್ಬರನ್ನು ಬಿಟ್ಟರೆ ಆ ಎರಡಕ್ಕೂ ಸಂಬಂಧವೇ ಇಲ್ಲ. ಮೊದಲ ಬ್ಯಾಂಡಿನ ಗಿಟಾರ್, ಕಂಠ, ಹಾಡುಗಳ ಮೂಲ ಎಲ್ಲವೂ ಆಗಿದ್ದ ಪೀಟರ್ ಗ್ರೀನ್ 1970ರಲ್ಲೇ ಹೊರನಡೆದ. ಹಳೆಯ ಬ್ಯಾಂಡೊಂದರ ಪರಂಪರೆಯನ್ನು ಉಳಿಸುವುದೆಂದರೆ ಏನನ್ನು ಉಳಿಸುವುದು ಎಂಬ ಪ್ರಶ್ನೆಗೆ ಇಷ್ಟು ಸ್ಪಷ್ಟವಾದ ಉದಾಹರಣೆ ಸಿಗುವುದು ಅಪರೂಪ. ಇಲ್ಲಿ ಹೆಸರು ಜಗತ್ತಿನ ಮೂಲೆಮೂಲೆಗೂ ಹೋಯಿತು. ಆ ಹೆಸರಿನ ಮೊದಲ ಸಂಗೀತ ಮಾತ್ರ ಬೇರೆಯೇ ದಾರಿ ಹುಡುಕಿಕೊಂಡು ಬದುಕಿತು.

ಗ್ರೀನ್ 1946ರಲ್ಲಿ ಲಂಡನ್ನಿನ ಬೆತ್ನಲ್ ಗ್ರೀನ್‌ನ ಯಹೂದಿ ಮನೆತನವೊಂದರಲ್ಲಿ ಹುಟ್ಟಿದವನು. 1966ರಲ್ಲಿ ಎರಿಕ್ ಕ್ಲ್ಯಾಪ್ಟನ್ ಬಿಟ್ಟುಹೋದ ಜಾಗಕ್ಕೆ ಜಾನ್ ಮೇಯಲ್‌ನ ‘ಬ್ಲೂಸ್‌ಬ್ರೇಕರ್ಸ್’ ತಂಡ ಸೇರಿ, ಮರುವರ್ಷವೇ ತನ್ನದೇ ಬ್ಯಾಂಡ್ ಕಟ್ಟಿದ. 1967ರ ಆಗಸ್ಟ್ 13ರಂದು ವಿಂಡ್ಸರ್ ಉತ್ಸವದಲ್ಲಿ ಅದರ ಮೊದಲ ಕಾರ್ಯಕ್ರಮ ನಡೆಯಿತು. ನಾಯಕ ತಾನೇ ಆಗಿದ್ದರೂ ಬ್ಯಾಂಡಿಗೆ ಇಟ್ಟದ್ದು ಡ್ರಮ್ಸ್ ಮತ್ತು ಬಾಸ್ ನುಡಿಸುವವರ ಹೆಸರನ್ನು. ಮುಂದೊಂದು ದಿನ ತಾನು ಬಿಟ್ಟುಹೋದರೂ ಅವರಿಬ್ಬರಿಗೆ ಒಂದು ಬ್ಯಾಂಡ್ ಉಳಿಯಲಿ ಎಂಬುದು ಅವನ ಯೋಚನೆಯಾಗಿತ್ತು ಎಂದು ಫ್ಲೀಟ್‌ವುಡ್ ಹೇಳಿಕೊಂಡಿದ್ದಾನೆ. 1968ರ ಮೊದಲ ಆಲ್ಬಮ್, 1969ರ ಆರಂಭದಲ್ಲಿ ಬ್ರಿಟನ್ನಿನ ಪಟ್ಟಿಯ ತುದಿಗೇರಿದ ‘ಆಲ್ಬಟ್ರಾಸ್’ ಎಂಬ ವಾದ್ಯರಚನೆ, ‘ಮ್ಯಾನ್ ಆಫ್ ದ ವರ್ಲ್ಡ್’, ‘ಓ ವೆಲ್’, ‘ದೆನ್ ಪ್ಲೇ ಆನ್’ ಆಲ್ಬಮ್: ಮೂರು ವರ್ಷ ತುಂಬುವುದರೊಳಗೆ ಇಷ್ಟೆಲ್ಲ ಮುಗಿದಿತ್ತು. ಗಳಿಕೆಯನ್ನು ದಾನ ಮಾಡಿಬಿಡೋಣ ಎಂದು ಗ್ರೀನ್ ಹಟ ಹಿಡಿದ, ಉಳಿದವರು ಒಪ್ಪಲಿಲ್ಲ. ಎಲ್‌ಎಸ್‌ಡಿ ಸೇವನೆ, ಆಮೇಲೆ ಮಾನಸಿಕ ಕಾಯಿಲೆ, ಆಸ್ಪತ್ರೆ, ವಿದ್ಯುದಾಘಾತದ ಚಿಕಿತ್ಸೆ ಎಂದು ಮುಂದಿನ ವರ್ಷಗಳು ಕಳೆದುಹೋದವು.

ಹೆಸರಿನ ಬೆಲೆ ಎಷ್ಟು ಎಂಬುದು 1974ರಲ್ಲಿ ಬಯಲಾಯಿತು. ಹಿಂದಿನ ವರ್ಷದ ಅಮೆರಿಕ ಪ್ರವಾಸ ಅರ್ಧಕ್ಕೇ ನಿಂತಾಗ ಮ್ಯಾನೇಜರ್ ಕ್ಲಿಫರ್ಡ್ ಡೇವಿಸ್, ಬ್ಯಾಂಡಿನ ಹೆಸರು ತನ್ನ ಸ್ವತ್ತು ಎಂದು ಸಾಧಿಸಿ, ಬೇರೆ ಸಂಗೀತಗಾರರನ್ನು ಕಲೆಹಾಕಿ ಫ್ಲೀಟ್‌ವುಡ್ ಮ್ಯಾಕ್ ಎಂದೇ ಅಮೆರಿಕಕ್ಕೆ ಕಳುಹಿಸಿದ. ವೇದಿಕೆಯ ಮೇಲೆ ಫ್ಲೀಟ್‌ವುಡ್ಡೂ ಇಲ್ಲ, ಮ್ಯಾಕ್‌ವೀಯೂ ಇಲ್ಲ. ಪ್ರೇಕ್ಷಕರು ಗಲಾಟೆ ಮಾಡಿದರು, ವಿವಾದ ಕೋರ್ಟಿಗೆ ಹೋಯಿತು, ಅಸಲಿ ಬ್ಯಾಂಡು ತಿಂಗಳುಗಟ್ಟಲೆ ಕೆಲಸವಿಲ್ಲದೆ ಕುಳಿತಿತು. ಆದರೆ ಈ ಪ್ರಕರಣಕ್ಕೆ ಇನ್ನೊಂದು ಮಗ್ಗುಲೂ ಇದೆ. ಆ ಹೊತ್ತಿಗೆ ಗ್ರೀನ್ ಹೋಗಿ ನಾಲ್ಕು ವರ್ಷವಾಗಿತ್ತು. ಉಳಿದಿಬ್ಬರು ಗಿಟಾರ್ ವಾದಕರಲ್ಲಿ ಜೆರೆಮಿ ಸ್ಪೆನ್ಸರ್ 1971ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಹೋಟೆಲಿನಿಂದ ಹೊರಗೆ ಹೋದವನು ಧಾರ್ಮಿಕ ಪಂಥವೊಂದನ್ನು ಸೇರಿಬಿಟ್ಟಿದ್ದ. ಡ್ಯಾನಿ ಕರ್ವನ್‌ನನ್ನು 1972ರಲ್ಲಿ ಬ್ಯಾಂಡೇ ಹೊರಹಾಕಿತ್ತು. ಅಸಲಿ ಎನಿಸಿಕೊಂಡ ಬ್ಯಾಂಡಿನಲ್ಲೂ 1968ರ ಬ್ಲೂಸ್ ಎಷ್ಟು ಉಳಿದಿತ್ತು ಎಂದು ಯಾರಾದರೂ ಕೇಳಬಹುದಿತ್ತು. ಕೋರ್ಟು ತೀರ್ಮಾನಿಸಬಲ್ಲದ್ದು ಹೆಸರಿನ ಹಕ್ಕನ್ನು ಮಾತ್ರ.

ಸದಸ್ಯರು ಇರಬೇಕು, ಇಲ್ಲವಾದರೆ ಬ್ಯಾಂಡನ್ನು ಮುಚ್ಚಬೇಕು ಎಂಬ ನಿಲುವೂ ಇದೆ. ಡ್ರಮ್ಮರ್ ಜಾನ್ ಬಾನಮ್ 1980ರ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ ಲೆಡ್ ಜೆಪ್ಲಿನ್ ಅದೇ ವರ್ಷದ ಡಿಸೆಂಬರಿನಲ್ಲಿ ವಿಸರ್ಜನೆ ಘೋಷಿಸಿತು. 2007ರಲ್ಲಿ ಲಂಡನ್ನಿನ ಓ2 ಅರೀನಾದಲ್ಲಿ ಪೂರ್ಣ ಕಾರ್ಯಕ್ರಮ ಕೊಟ್ಟಾಗ ಡ್ರಮ್ಸ್ ಮುಂದೆ ಕುಳಿತದ್ದು ಬಾನಮ್‌ನ ಮಗ ಜೇಸನ್. ಅದೂ ಒಂದೇ ರಾತ್ರಿ. ಇದಕ್ಕೆ ತದ್ವಿರುದ್ಧವಾದ ದಾರಿ ಹಿಡಿದದ್ದು ಎಸೆಕ್ಸ್ ತೀರದ ಕ್ಯಾನ್ವಿ ದ್ವೀಪದ ಡಾಕ್ಟರ್ ಫೀಲ್‌ಗುಡ್. ಗಾಯಕ ಲೀ ಬ್ರಿಲೋ 1994ರಲ್ಲಿ ಸತ್ತ ಮೇಲೆ ಬ್ಯಾಂಡ್ ಅವನ ಇಚ್ಛೆಯಂತೆಯೇ ಮುಂದುವರಿಯಿತು. ಸ್ಥಾಪಕರಲ್ಲಿ ಈಗ ಒಬ್ಬರೂ ಅದರಲ್ಲಿಲ್ಲ. ಮೊದಲನೆಯದು ಗೌರವ, ಎರಡನೆಯದು ವ್ಯಾಪಾರ ಎಂದು ಹೇಳಿಬಿಡುವುದು ಸುಲಭ. ಆದರೆ ಸಣ್ಣ ಊರುಗಳ ಪಬ್ಬುಗಳಲ್ಲಿ, ಸಭಾಂಗಣಗಳಲ್ಲಿ ವರ್ಷವಿಡೀ ನುಡಿಸುವ ತಂಡಕ್ಕೆ ಕೇಳುಗರೊಡನೆ ಇರುವ ನಂಟು, ಮೂವತ್ತು ವರ್ಷಕ್ಕೊಮ್ಮೆ ಸೇರುವ ತಂಡಕ್ಕೆ ಇರಲಾರದು. ಯಾವ ದಾರಿ ಸರಿ ಎಂಬುದನ್ನು ಸದಸ್ಯರ ತಲೆ ಎಣಿಸಿ ಹೇಳಲಾಗದು. ಆ ಸಂಗೀತ ಎಂಥದು, ಅದು ನಿಂತಿದ್ದು ಯಾವುದರ ಮೇಲೆ ಎಂಬುದನ್ನು ನೋಡಬೇಕು. ಜೆಪ್ಲಿನ್ ಹಾಡುಗಳು ಬಾನಮ್‌ನ ಪೆಟ್ಟಿನ ಮೇಲೆ ಕಟ್ಟಿದವು. ಫೀಲ್‌ಗುಡ್ ನುಡಿಸುತ್ತಿದ್ದುದು ಮೊದಲಿನಿಂದಲೂ ಎಲ್ಲರಿಗೂ ಸೇರಿದ್ದ ರಿದಮ್ ಅಂಡ್ ಬ್ಲೂಸ್.

ಗ್ರೀನ್‌ನ ಹಾಡುಗಳು ಬದುಕಿದ ಬಗೆಯೇ ಬೇರೆ. ‘ಬ್ಲ್ಯಾಕ್ ಮ್ಯಾಜಿಕ್ ವುಮನ್’ ಅವನು 1968ರಲ್ಲಿ ಬರೆದು ಹಾಡಿದ್ದು; ಆಗ ಅದು ಬ್ರಿಟನ್ನಿನಲ್ಲಿ ಸಾಧಾರಣ ಯಶಸ್ಸು ಕಂಡಿತು. 1970ರಲ್ಲಿ ಕಾರ್ಲೋಸ್ ಸಂಟಾನಾ ಅದಕ್ಕೆ ಲ್ಯಾಟಿನ್ ತಾಳವಾದ್ಯಗಳನ್ನು ಸೇರಿಸಿ, ಹಂಗೇರಿ ಮೂಲದ ಗಿಟಾರ್ ವಾದಕ ಗಾಬೊರ್ ಸಾಬೊನ ರಚನೆಯೊಂದನ್ನು ಅದರ ಬೆನ್ನಿಗೆ ಕಟ್ಟಿ, ಅಮೆರಿಕದ ಪಟ್ಟಿಯಲ್ಲಿ 4ನೇ ಸ್ಥಾನಕ್ಕೆ ಒಯ್ದ. ಅದು ಸಂಟಾನಾನದೇ ಹಾಡು ಎಂದು ನಂಬಿದವರು ಇಂದಿಗೂ ಅಸಂಖ್ಯ. ‘ಗ್ರೀನ್ ಮನಲೀಶಿ’ಯನ್ನು ಜುದಾಸ್ ಪ್ರೀಸ್ಟ್ ಹೆವಿ ಮೆಟಲ್ ಮಾಡಿಕೊಂಡಿತು. ‘ಆಲ್ಬಟ್ರಾಸ್’ನ ನಿಧಾನದ ತೇಲು ಬೀಟಲ್ಸ್‌ನ ‘ಸನ್ ಕಿಂಗ್’ಗೆ ಪ್ರೇರಣೆಯಾಯಿತೆಂದು ಜಾರ್ಜ್ ಹ್ಯಾರಿಸನ್ ಒಪ್ಪಿಕೊಂಡಿದ್ದ. ಇವರಾರೂ ಗ್ರೀನ್‌ನ ಪರಂಪರೆ ಉಳಿಸಬೇಕೆಂದು ಹೊರಟವರಲ್ಲ. ಒಳ್ಳೆಯ ಹಾಡು ಕಂಡಿತು, ತಮ್ಮದಾಗಿಸಿಕೊಂಡರು. 1998ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸಮಾರಂಭದಲ್ಲಿ ಫ್ಲೀಟ್‌ವುಡ್ ಮ್ಯಾಕ್‌ನ ಹೊಸ ತಾರೆಯರು ತಮ್ಮ ಹಾಡುಗಳನ್ನು ಹಾಡಿದರೆ, ಗ್ರೀನ್ ‘ಬ್ಲ್ಯಾಕ್ ಮ್ಯಾಜಿಕ್ ವುಮನ್’ ನುಡಿಸಿದ್ದು ಸಂಟಾನಾನ ಜೊತೆಗೆ. ಹಾಡಿಗೆ ನಿಜವಾದ ನೆಂಟ ಯಾರು ಎಂಬುದು ಆ ರಾತ್ರಿ ವೇದಿಕೆಯ ಮೇಲೆಯೇ ಕಾಣುವಂತಿತ್ತು.

ಹಾಡಿನಷ್ಟೇ ವಿಚಿತ್ರವಾದ ಕತೆ ಅವನ ಗಿಟಾರಿನದು. 1959ರಲ್ಲಿ ತಯಾರಾದ ಗಿಬ್ಸನ್ ಲೆಸ್ ಪಾಲ್ ಅದು. ಇಂಥ ಗಿಟಾರಿನಲ್ಲಿ ತಂತಿಯ ಕಂಪನವನ್ನು ಹಿಡಿಯುವ ಎರಡು ಪಿಕಪ್‌ಗಳಿರುತ್ತವೆ. ಇದರಲ್ಲಿ ಕುತ್ತಿಗೆ ಕಡೆಯ ಪಿಕಪ್ಪಿನ ಅಯಸ್ಕಾಂತ ತಿರುಗುಮುರುಗಾಗಿ ಕೂತಿತ್ತು. ಸ್ವಿಚ್ಚನ್ನು ನಡುವಿನ ಸ್ಥಾನಕ್ಕೆ ತಂದು ಎರಡನ್ನೂ ಒಟ್ಟಿಗೆ ಹಚ್ಚಿದರೆ ಒಂದರ ತರಂಗ ಇನ್ನೊಂದರದನ್ನು ಭಾಗಶಃ ಅಳಿಸಿಹಾಕುತ್ತದೆ; ದಪ್ಪ ಸ್ವರಗಳು ಕರಗಿ, ಮೂಗಿನಿಂದ ಹಾಡಿದಂಥ ಟೊಳ್ಳು ನಾದವೊಂದು ಉಳಿಯುತ್ತದೆ. ಅದು ಕಾರ್ಖಾನೆಯ ತಪ್ಪೋ ಆಮೇಲಿನ ರಿಪೇರಿಯ ಫಲವೋ ಎಂಬ ಚರ್ಚೆ ಗಿಟಾರ್ ಪ್ರಿಯರಲ್ಲಿ ಮುಗಿದೇ ಇಲ್ಲ. ಗ್ರೀನ್ ಅದನ್ನು ಸರಿಪಡಿಸಲಿಲ್ಲ, ಬಳಸಿಕೊಂಡ. ಬ್ಯಾಂಡ್ ಬಿಟ್ಟ ಮೇಲೆ ಗಿಟಾರನ್ನು ಐರ್ಲೆಂಡಿನ ಯುವಕ ಗ್ಯಾರಿ ಮೂರ್‌ಗೆ ಅಗ್ಗಕ್ಕೆ ಕೊಟ್ಟುಬಿಟ್ಟ. ಮೂರ್ ಕೂಡ ಆ ದೋಷವನ್ನು ಮುಟ್ಟದೆ ದಶಕಗಳ ಕಾಲ ನುಡಿಸಿ, 1995ರಲ್ಲಿ ‘ಬ್ಲೂಸ್ ಫಾರ್ ಗ್ರೀನಿ’ ಎಂಬ ಇಡೀ ಆಲ್ಬಮ್ಮನ್ನೇ ಗುರುವಿಗೆ ಅರ್ಪಿಸಿದ. 2006ರಲ್ಲಿ ಅದು ಮೂರ್‌ನ ಕೈಬಿಟ್ಟು, 2014ರಲ್ಲಿ ಮೆಟಾಲಿಕಾದ ಕರ್ಕ್ ಹ್ಯಾಮೆಟ್‌ನ ಕೈಸೇರಿತು. 2011ರ ಅಕ್ಟೋಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿಹೋದ ಅದೇ ಹ್ಯಾಮೆಟ್. ಆಗಿನ್ನೂ ಗಿಟಾರ್ ಅವನದಾಗಿರಲಿಲ್ಲ. ಅಷ್ಟು ಬೆಲೆಬಾಳುವ ವಾದ್ಯವನ್ನು ಗಾಜಿನ ಪೆಟ್ಟಿಗೆಯಲ್ಲಿಡದೆ ಅವನು ಊರೂರು ತಿರುಗಿಸಿ ನುಡಿಸುತ್ತಾನೆ. ಪರಂಪರೆಯ ದೃಷ್ಟಿಯಿಂದ ಇದು ವಸ್ತುಸಂಗ್ರಹಾಲಯಕ್ಕಿಂತ ಮೇಲು.

ಹಾಗಾದರೆ ಮೂಲದ ಒಂದೊಂದು ಸ್ವರವನ್ನೂ ಹಾಗೆಯೇ ಒಪ್ಪಿಸುವ ಅನುಕರಣ ತಂಡಗಳಿಗೆ ಬೆಲೆ ಇಲ್ಲವೇ? ಉತ್ತರ ಗ್ರೀನ್‌ನ ಬ್ಯಾಂಡಿನೊಳಗೇ ಇದೆ. ಸ್ಪೆನ್ಸರ್ ಅಮೆರಿಕದ ಎಲ್ಮೋರ್ ಜೇಮ್ಸ್‌ನ ಸ್ಲೈಡ್ ಗಿಟಾರ್ ಶೈಲಿಯನ್ನು ಅಚ್ಚೊತ್ತಿದಂತೆ ನುಡಿಸುತ್ತಿದ್ದ. ಜೇಮ್ಸ್ 1963ರಲ್ಲೇ ತೀರಿಕೊಂಡಿದ್ದ. ಅವನ ಹೆಸರನ್ನೇ ಕೇಳದ ಎಷ್ಟೋ ಇಂಗ್ಲಿಷ್ ಹುಡುಗರು ಸ್ಪೆನ್ಸರ್‌ನ ದೆಸೆಯಿಂದ ಮೂಲದ ರೆಕಾರ್ಡು ಹುಡುಕಿ ಹೋದರು. ಅದು ಸಣ್ಣ ಸೇವೆಯಲ್ಲ. ಆದರೆ ಆ ಅಚ್ಚಿನಿಂದಾಚೆ ಸ್ಪೆನ್ಸರ್ ಹೆಚ್ಚು ದೂರ ಹೋಗಲಿಲ್ಲ. ‘ದೆನ್ ಪ್ಲೇ ಆನ್’ ಹೊತ್ತಿಗೆ ಅವನು ಆಲ್ಬಮ್ಮಿನಲ್ಲಿ ಇದ್ದೂ ಇಲ್ಲದಂತಾಗಿದ್ದ. ಗ್ರೀನ್ ಕಲಿತದ್ದೂ ಬಿ. ಬಿ. ಕಿಂಗ್, ಓಟಿಸ್ ರಷ್ ಮೊದಲಾದವರಿಂದಲೇ. ಕಲಿತದ್ದನ್ನು ಅರಗಿಸಿಕೊಂಡು, ಕಡಿಮೆ ಸ್ವರಗಳಲ್ಲಿ, ಸ್ವರಗಳ ನಡುವೆ ಉಸಿರಾಡಲು ಜಾಗ ಬಿಟ್ಟು ತನ್ನದೇ ಮಾತು ಆಡಿದ. ಇಂದು ಬೇರೆಯವರು ಎತ್ತಿಕೊಂಡು ನುಡಿಸುವುದು ಗ್ರೀನ್‌ನ ರಚನೆಗಳನ್ನು. ಅನುಕರಣೆ ಕೇಳುಗನನ್ನು ಮೂಲದ ಬಾಗಿಲವರೆಗೆ ಕರೆದೊಯ್ಯುತ್ತದೆ, ಮುಂದಿನ ಪೀಳಿಗೆಯ ಹಾಡನ್ನು ಹುಟ್ಟಿಸುವುದಿಲ್ಲ.

ಬ್ರಿಟಿಷ್ ಬ್ಲೂಸ್ ಬ್ಯಾಂಡುಗಳ ವಿಷಯದಲ್ಲಿ ಇನ್ನೊಂದು ಲೆಕ್ಕ ಉಳಿದೇ ಇರುತ್ತದೆ. ಅವರ ಪರಂಪರೆಯೇ ಅರ್ಧ ಸಾಲದ್ದು. ಸಾಲ ಕೊಟ್ಟವರು ಮಿಸಿಸಿಪ್ಪಿಯಿಂದ ಷಿಕಾಗೋಗೆ ವಲಸೆ ಬಂದ ಕಪ್ಪು ಸಂಗೀತಗಾರರು. ಸಾಲವನ್ನು ಮರೆತವರೂ ಇದ್ದರು. ‘ಹೋಲ್ ಲಾಟ ಲವ್’ ಹಾಡಿಗಾಗಿ, ಸಾಲ ಕೊಟ್ಟವರಲ್ಲೊಬ್ಬನಾದ ವಿಲ್ಲಿ ಡಿಕ್ಸನ್ 1985ರಲ್ಲಿ ಲೆಡ್ ಜೆಪ್ಲಿನ್ ಮೇಲೆ ದಾವೆ ಹೂಡಬೇಕಾಯಿತು. ರಾಜಿಯಾದ ಮೇಲಷ್ಟೇ ಅವನ ಹೆಸರು ಹಾಡಿನ ಜೊತೆ ಸೇರಿತು. ಈ ವಿಷಯದಲ್ಲಿ ಫ್ಲೀಟ್‌ವುಡ್ ಮ್ಯಾಕ್‌ನ ನಡತೆ ಒಂದಿಷ್ಟು ಮೇಲ್ಮಟ್ಟದ್ದು. 1969ರ ಜನವರಿಯಲ್ಲಿ ಅವರು ಷಿಕಾಗೋದ ಚೆಸ್ ಸ್ಟುಡಿಯೋಗೇ ಹೋಗಿ, ಅದೇ ಡಿಕ್ಸನ್, ಪಿಯಾನೋ ವಾದಕ ಓಟಿಸ್ ಸ್ಪ್ಯಾನ್, ಬಡ್ಡಿ ಗೈ, ಹನಿಬಾಯ್ ಎಡ್ವರ್ಡ್ಸ್ ಮೊದಲಾದವರ ಜೊತೆ ಕೂತು ನುಡಿಸಿದರು. ಅದೇ ವರ್ಷ ಸ್ಪ್ಯಾನ್‌ನ ಆಲ್ಬಮ್ಮಿಗೂ ಪಕ್ಕವಾದ್ಯ ಒದಗಿಸಿದರು. ಆದರೂ ಫಲ ಸಮನಾಗಿ ಹಂಚಿಕೆಯಾಗಲಿಲ್ಲ. ಮರುವರ್ಷ ತೀರಿಕೊಂಡ ಸ್ಪ್ಯಾನ್‌ನ ಸಮಾಧಿ ಸುಮಾರು ಮೂವತ್ತು ವರ್ಷ ಗುರುತಿನ ಕಲ್ಲೂ ಇಲ್ಲದೆ ಬಿದ್ದಿತ್ತು. ಬ್ಲೂಸ್ ಅಭಿಮಾನಿಗಳು ದೇಣಿಗೆ ಕೂಡಿಸಿ ಕಲ್ಲು ನಿಲ್ಲಿಸಿದ್ದು 1999ರಲ್ಲಿ. ಬ್ರಿಟಿಷ್ ಬ್ಯಾಂಡಿನ ಪರಂಪರೆ ಕಾಯುತ್ತೇವೆ ಎನ್ನುವವರು ಈ ಹಿಂದಿನ ಕೊಂಡಿಯನ್ನು ಬಿಟ್ಟು ಮಾತಾಡಿದರೆ ಅದು ಅರ್ಧ ಕೆಲಸ.

ಇನ್ನು ಧ್ವನಿಮುದ್ರಿಕೆಗಳು. ನುಡಿಸುವ ಕೈ ಎಷ್ಟೇ ಮುಖ್ಯವಾದರೂ ಕಿವಿಗೆ ಸಿಗುವ ಮೂಲವಿಲ್ಲದೆ ಯಾವ ಕೈಯೂ ಕಲಿಯದು. ಬ್ಯಾಂಡಿನ ಆರಂಭದ ಮುದ್ರಣಗಳು ಮೈಕ್ ವರ್ನನ್‌ನ ‘ಬ್ಲೂ ಹೊರೈಜನ್’ ಎಂಬ ಪುಟ್ಟ ಕಂಪನಿಯವು. ಅವೆಲ್ಲ ಒಟ್ಟಾಗಿ, ಅರ್ಧಕ್ಕೆ ಬಿಟ್ಟ ಪ್ರಯತ್ನಗಳ ಸಮೇತ, ಒಂದು ಪೆಟ್ಟಿಗೆಯಾಗಿ ಹೊರಬಂದದ್ದು 1999ರಲ್ಲಿ. 1970ರ ಫೆಬ್ರವರಿಯಲ್ಲಿ ಬಾಸ್ಟನ್ ಟೀ ಪಾರ್ಟಿ ಎಂಬ ಕ್ಲಬ್ಬಿನಲ್ಲಿ ಮುದ್ರಿಸಿದ ಕಾರ್ಯಕ್ರಮಗಳ ಗತಿ ಇನ್ನೂ ಕೆಟ್ಟದು. ಲೈವ್ ಆಲ್ಬಮ್ ಮಾಡಲೆಂದೇ ಹಿಡಿದ ಟೇಪುಗಳು, ಗ್ರೀನ್ ಹೋದ ಮೇಲೆ ಮೂಲೆ ಸೇರಿ, 1980ರ ದಶಕದಲ್ಲಿ ಚೂರುಚೂರಾಗಿ ಬಂದು, ಸರಿಯಾದ ರೂಪ ಪಡೆಯಲು ಆ ಶತಮಾನ ಮುಗಿಯುತ್ತ ಬರಬೇಕಾಯಿತು. ಮೂರು ಗಿಟಾರುಗಳ ಆ ಬ್ಯಾಂಡ್ ವೇದಿಕೆಯ ಮೇಲೆ ಹೇಗಿತ್ತು ಎಂದು ತಿಳಿಯಲು ಅವುಗಳಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಇಂಥವು ಮಾರುಕಟ್ಟೆಯಲ್ಲಿ ಇರಬೇಕೋ ಬೇಡವೋ ಎಂಬುದು ಹಕ್ಕುದಾರ ಕಂಪನಿಗಳ ಮರ್ಜಿ. ಬ್ರಿಟನ್ 2013ರಲ್ಲಿ ಧ್ವನಿಮುದ್ರಣದ ಹಕ್ಕುಸ್ವಾಮ್ಯವನ್ನು 50ರಿಂದ 70 ವರ್ಷಕ್ಕೆ ಏರಿಸಿತು. ಹಾಗಾಗಿ 1968ರಲ್ಲಿ ಹೊರಬಂದ ಮುದ್ರಿಕೆಗಳು ಅಲ್ಲಿ 2038ರ ಕೊನೆಯವರೆಗೂ ಕಂಪನಿಗಳ ಕೈಯಲ್ಲೇ ಇರುತ್ತವೆ.

2020ರ ಫೆಬ್ರವರಿ 25ರಂದು ಮಿಕ್ ಫ್ಲೀಟ್‌ವುಡ್ ಲಂಡನ್ನಿನ ಪಲೇಡಿಯಮ್‌ನಲ್ಲಿ ಏರ್ಪಡಿಸಿದ ಕಾರ್ಯಕ್ರಮ ಇಷ್ಟೆಲ್ಲವನ್ನೂ ಒಂದೆಡೆ ತಂದಿತು. ಡೇವಿಡ್ ಗಿಲ್ಮರ್, ಬಿಲ್ಲಿ ಗಿಬ್ಬನ್ಸ್, ಪೀಟ್ ಟೌನ್‌ಶೆಂಡ್ ಗ್ರೀನ್‌ನ ಕಾಲದ ಹಾಡುಗಳನ್ನು ನುಡಿಸಿದರು. ಹ್ಯಾಮೆಟ್ ಆ ಹಳೆಯ ಲೆಸ್ ಪಾಲ್ ತಂದಿದ್ದ. ಜಾನ್ ಮೇಯಲ್ ಬಂದಿದ್ದ. ಸ್ಪೆನ್ಸರ್ ಕೂಡ ಎಷ್ಟೋ ದಶಕಗಳ ಮೇಲೆ ಫ್ಲೀಟ್‌ವುಡ್ ಜೊತೆ ವೇದಿಕೆ ಏರಿದ. ‘ರೂಮರ್ಸ್’ ಹಾಡುಗಳು ಆ ರಾತ್ರಿ ಇರಲಿಲ್ಲ. ಗ್ರೀನ್ ಬರಲಿಲ್ಲ. ಐದು ತಿಂಗಳ ನಂತರ, ಜುಲೈ 25ರಂದು, ಅವನು ಕ್ಯಾನ್ವಿ ದ್ವೀಪದ ತನ್ನ ಮನೆಯಲ್ಲಿ ತೀರಿಕೊಂಡ. ಬ್ಯಾಂಡಿನ ಹೆಸರಿನ ಒಡೆಯನೇ ಆ ಹೆಸರನ್ನು ಬದಿಗಿಟ್ಟು, ‘ಮಿಕ್ ಫ್ಲೀಟ್‌ವುಡ್ ಮತ್ತು ಗೆಳೆಯರು’ ಎಂಬ ಹೆಸರಿನಲ್ಲಿ ಈ ಸಂಗೀತವನ್ನು ಮುಂದಿಟ್ಟದ್ದು ಗಮನಿಸಬೇಕಾದ ಸಂಗತಿ.

ಹೆಸರಿನ ತೊಡಕು ಮಾತ್ರ ತೀರಿಲ್ಲ. ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ ಎರಡೂ ಬ್ಯಾಂಡುಗಳು ಒಂದೇ ಹೆಸರಿನಡಿ ಬೀಳುತ್ತವೆ. ಜನಪ್ರಿಯತೆಯ ಪಟ್ಟಿಯಲ್ಲಿ ಮೇಲೆ ಬರುವುದು 1975ರ ನಂತರದ ಹಾಡುಗಳೇ. ಹಳೆಯ ರೆಕಾರ್ಡಿನ ಹೊದಿಕೆಯ ಮೇಲೆ ಇರುತ್ತಿದ್ದ, ಯಾರು ಬರೆದರು, ಯಾರು ನುಡಿಸಿದರು ಎಂಬ ವಿವರವೂ ಅಲ್ಲಿ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಮೊದಲ ಸಲ ಕೇಳುವವರು ಬ್ಯಾಂಡಿನ ಹೆಸರಿಗಿಂತ ‘ಪೀಟರ್ ಗ್ರೀನ್’ ಎಂದು ಹುಡುಕುವುದು, ‘ನೀಡ್ ಯುವರ್ ಲವ್ ಸೋ ಬ್ಯಾಡ್’ನಿಂದ ಶುರುಮಾಡಿ ಬಾಸ್ಟನ್ನಿನ ಟೇಪುಗಳಿಗೆ ಹೋಗುವುದು, ಅಲ್ಲಿಂದ ಹಿಂದಕ್ಕೆ ಎಲ್ಮೋರ್ ಜೇಮ್ಸ್ ಮತ್ತು ಓಟಿಸ್ ಸ್ಪ್ಯಾನ್‌ವರೆಗೆ ನಡೆಯುವುದು ಒಳ್ಳೆಯದು.